ಆ ಒಂದು ನಿಮಿಷದ ಪೈಲಟ್

ಬಾಗಿಲು ತೆರೆದ ಗೌತಮಿ, ಹೊಸ್ತಿಲಾಚೆ ನಿಂತಿದ್ದ ಪರ್ವೇಜ್ ಅವರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಆರು ವರ್ಷಗಳಲ್ಲಿ ಅವರ ಒಂದು ಫೋನನ್ನೂ ಆಕೆ ಎತ್ತಿರಲಿಲ್ಲ. ತನ್ನನ್ನು ಕಂಡರೆ ಆಕೆಗೆ ಹೇಸಿಗೆ ಎಂದು ತಿಳಿದೇ ಅವರು ಕಲಬುರಗಿಯಲ್ಲಿ ಕಮಲಾಪುರದ ಬಸ್ಸು ಹತ್ತಿದ್ದರು.

"ಬರ್ರಿ ಸಾಹೇಬ್ರ," ಎಂದಳು, ಮುಖ ನೋಡದೆ.

ಒಂದು ಕಾಲಕ್ಕೆ ಅವರು ಕ್ಯಾಪ್ಟನ್, ಆಕೆ ಸಹ ಪೈಲಟ್. ಆರು ವರ್ಷದ ಹಿಂದೆ ಒಂದು ದಿನ ಮೂವತ್ತೇಳು ಸಾವಿರ ಅಡಿ ಎತ್ತರದಲ್ಲಿ, ಮೋಡದೊಳಗೆ, ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು. ಪರದೆಯ ಮೇಲೆ ವೇಗ ಸರ್ರನೆ ಇಳಿಯಿತು. ಆಟೋಪೈಲಟ್ ಕೈಬಿಟ್ಟಿತು. ವಿಮಾನ ಬೀಳಲಿದೆ ಎಂದು ಎಚ್ಚರಿಕೆಯ ಸದ್ದು ಕಿರುಚತೊಡಗಿತು.

ಅದು ಸುಳ್ಳು. ನಂಬಿ ವಿಮಾನದ ಮೂತಿಯನ್ನು ಕೆಳಗೆ ತಳ್ಳಿದ್ದರೆ ನಿಜಕ್ಕೂ ಬೀಳುತ್ತಿತ್ತು; ಇದ್ದಂತೆಯೇ ಬಿಟ್ಟರೆ ನೇರ ಸಾಗುತ್ತಿತ್ತು. ಒಂದು ನಿಮಿಷಕ್ಕೆ ಮಂಜು ಕರಗಿತು, ಅಂಕಿಗಳು ಮರಳಿದವು. ನೂರಾ ಎಪ್ಪತ್ತು ಜನ ಉಳಿದರು.

ಆ ನಿಮಿಷದಲ್ಲಿ ಕಾಕ್‌ಪಿಟ್‌ನಲ್ಲಿ ಒಂದು ಮಾತೂ ದಾಖಲಾಗಿರಲಿಲ್ಲ. ವಿಮಾನವನ್ನು ಕೂದಲೆಳೆಯಷ್ಟೂ ಅಲುಗಿಸದ ಆ ಸಂಯಮವನ್ನು ತನಿಖಾಧಿಕಾರಿಗಳು ಹೊಗಳಿದರು. ಹಾರಿಸಿದವರು ಯಾರು ಎಂದು ಕೇಳಿದಾಗ ಗೌತಮಿ "ಕ್ಯಾಪ್ಟನ್" ಎಂದಳು. ಪರ್ವೇಜ್ ಅದನ್ನು ಅಲ್ಲಗಳೆಯಲಿಲ್ಲ. ಪದಕ ಅವರಿಗೆ ಬಂತು. ಆಕೆ ಆ ತಿಂಗಳೇ ಕೆಲಸ ಬಿಟ್ಟು ಊರು ಸೇರಿ, ಶಾಲೆಯಲ್ಲಿ ಗಣಿತ ಕಲಿಸತೊಡಗಿದಳು.

ಪರ್ವೇಜ್ ನಿವೃತ್ತರಾಗಿ ಕಲಬುರಗಿ ಪಕ್ಕದ ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಒಬ್ಬರೇ ಉಳಿದರು. ಸನ್ಮಾನಕ್ಕೆ ಕರೆದವರಿಗೆ ಜ್ವರ ಎನ್ನುತ್ತಿದ್ದರು. ಬರಬರುತ್ತ ಕರೆಯುವುದೂ ನಿಂತಿತು. ಹಬ್ಬದ ದಿನವೂ ಅವರ ಮನೆಯ ಗೇಟು ತೆರೆಯುತ್ತಿರಲಿಲ್ಲ.

ಈಗ ಆಕೆ ಕೊಟ್ಟ ಚಹಾ ಮುಟ್ಟದೆ, ಜೇಬಿನಿಂದ ಪದಕ ತೆಗೆದು ಮೇಜಿನ ಮೇಲಿಟ್ಟರು.

"ಖರೇ ಹೇಳಾಕ ಬಂದೀನಿ, ಬೇಟಿ. ಆವತ್ತು ನನ್ನ ಕೈ ತೊಡಿ ಮ್ಯಾಲಿದ್ದವು. ಹೆದರಿ ಕಲ್ಲಾಗಿದ್ದೆ. ವಿಮಾನ ಹಿಡಿದಾಕಿ ನೀನು. ನಾನ ಹಾರಿಸಿದೆ ಅಂತ ಸುಳ್ಳು ಹೇಳಿ ನನ್ನ ಮಾನ ಉಳಿಸಿದಿ. ಇದು ನಿಂದು, ತಗೋ."

ಗೌತಮಿ ಕುರ್ಚಿಯ ಹಿಡಿಕೆ ಹಿಡಿದು ನಿಧಾನವಾಗಿ ಕುಳಿತಳು. ಆರು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ನಾ ಸುಳ್ಳು ಹೇಳಿಲ್ಲರೀ ಸಾಹೇಬ್ರ. ಎರಡೂ ಕೈಲೆ ಮಾರಿ ಮುಚ್ಚಿಕೊಂಡು ಕುಂತಿದ್ದೆ. ನೀವ ಹಿಡಿದೀರಿ ಅಂತ ತಿಳಕೊಂಡಿದ್ದೆ."