ಬೆನ್ನ ಹಿಂದೆ ನಿಂತವಳು

“ಅಂಗಾದ್ರೆ ಒಡ್ದವ್ನಿಗೆ ಏನಾಯ್ತು?” ಎಂದಳು ಶಿವರತ್ನಮ್ಮ. ಮುದ್ದೆ ತಿರುವುತ್ತಿದ್ದ ಕೋಲು ಪಾತ್ರೆಯಲ್ಲೇ ನಿಂತಿತ್ತು. ಅವಳ ಎಡಗಿವಿಯ ಪಕ್ಕ ಕೂತು ಮಗಳು ವಿನುತಾ ಮೊಬೈಲಿನಿಂದ ತನ್ನ ಕಥೆ ಓದಿ ಹೇಳುತ್ತಿದ್ದಳು. ಟೀವಿ ಧಾರಾವಾಹಿಯ ನಾಯಕಿಯನ್ನೇ ಇಟ್ಟುಕೊಂಡು ಅವಳು ಬರೆದು ಆನ್‌ಲೈನಿನಲ್ಲಿ ಹಾಕಿದ್ದ ಕಥೆ ಅದು. ಯಾರಿಗೆ ಬೀಳುವ ಏಟನ್ನಾದರೂ ತನ್ನ ಮೈಮೇಲೆ ಎಳೆದುಕೊಳ್ಳುವ ಶಕ್ತಿ ಆ ನಾಯಕಿಗೆ. ಕೊನೆಗೆ ಅವಳ ಕಿವಿಯೇ ಹೋಗುತ್ತದೆ. ಓದಿದವರೆಲ್ಲ ಅತ್ತು, ಕೈಮುಗಿದು ಕಾಮೆಂಟ್ ಹಾಕಿದ್ದರು.

“ಅವ್ನಿಗೇನೂ ಆಗ್ನಿಲ್ಲ ಕಣವ್ವ. ಕಥೆ ಅವಳ್ದು.”

“ಥೂ! ಏಟು ತಿನ್ನಕ್ಕೆ ಶಕ್ತಿ ಕೊಟ್ಟಿದ್ದೀಯ, ಅವ್ನ ಕೈ ಇಡ್ಕಳಕ್ಕೆ ಒಬ್ರನ್ನೂ ಬರೀನಿಲ್ವಲ್ಲೇ! ಅವಳ ಬೆನ್ನಿಂದೆ ನಿಂತಿದ್ದೋರ್ಗೆ ಕೈ ಇರ್ನಿಲ್ವಾ?”

ವಿನುತಾಳ ಮುಖ ಉರಿಯಿತು. ಹತ್ತು ವರ್ಷದ ಹಿಂದೆ ತನಗೆ ಬೀಳಬೇಕಿದ್ದ ಅಪ್ಪನ ಏಟು ಅವ್ವನ ಬಲಗಿವಿ ಕೇಳದಂತೆ ಮಾಡಿತ್ತು. ಆಮೇಲೂ ಪ್ರತಿ ಸಲ ವಿನುತಾ ಅವ್ವನ ಅದೇ ಬೆನ್ನ ಹಿಂದೆಯೇ ನಿಂತಿದ್ದಳು.

ಅಷ್ಟರಲ್ಲಿ ಅಪ್ಪ ಶಾಂತಮೂರ್ತಿ ಒಳನುಗ್ಗಿದ. “ಕಬ್ಬು ಕಡಿಯೋರು ಅಸ್ಕಂಡು ಕುಂತವ್ರೆ, ನೀನಿಲ್ಲಿ ಮೊಬೈಲ್ ಇಡ್ಕಂಡು ಕುಂತಿದ್ದೀಯೇನೇ?” ಎಂದು ಮಗಳ ಮೇಲೆ ಕೈ ಎತ್ತಿದ. ಎಂದಿನಂತೆ ಶಿವರತ್ನಮ್ಮ ಅಡ್ಡ ಬಂದಳು. ವಿನುತಾ ಅವಳನ್ನು ಪಕ್ಕಕ್ಕೆ ಸರಿಸಿ, ಎತ್ತಿದ ಆ ಕೈಯ ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದಳು.

“ಬುಡೇ,” ಎಂದ ಅಪ್ಪ.

ಅವ್ವನ ಕೇಳದ ಕಿವಿಗೂ ಮುಟ್ಟುವಷ್ಟು ಗಟ್ಟಿಯಾಗಿ ವಿನುತಾ ಹೇಳಿದಳು: “ಬುಡಾಕಿಲ್ಲ!”