ಹಳೇ ಹೊಲಿಗೆ

ಸೊಸೆಯ ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಎರಡನೆಯದು ನಾರ್ಮಲ್ಲೇ ಆಗಬೇಕೆಂದು ಅತ್ತೆ ಡಾಕ್ಟರ ಮುಂದೆ ಹಟ ಹಿಡಿದಿದ್ದಳು.

"ಹೋದ ಸಲ ಮೂರು ತಿಂಗಳು ನಾನೇ ಬೇಯಿಸಿ ಹಾಕಿದೀನಿ ಡಾಕ್ಟ್ರೇ."

"ನಾರ್ಮಲ್ ಆಗಬಹುದಮ್ಮ. ಆದ್ರೆ ನೋವು ತಿನ್ನುವಾಗ ಗರ್ಭಕೋಶದ ಹಳೇ ಹೊಲಿಗೆ ಬಿಟ್ಟರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ."

ಪಕ್ಕದಲ್ಲಿ ಕೂತಿದ್ದ ಅತ್ತೆಯ ಮಗ ಬೈಕಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತ ಕೇಳಿದ, "ಎಷ್ಟು ಜನಕ್ಕೆ ಹಂಗಾಗುತ್ತೆ?"

"ನೂರಕ್ಕೆ ಒಬ್ಬರಿಗೂ ಇಲ್ಲ. ಆದ್ರೆ ಆದವರಿಗೆ..."

"ಅಷ್ಟೇನಾ?" ಕೀಲಿಯ ತುದಿಯನ್ನು ನೋಡಿ ಪ್ಯಾಂಟಿಗೆ ಒರೆಸಿಕೊಂಡ. "ಅಷ್ಟು ರಿಸ್ಕ್ ನಾವು ತಗೋತೀವಿ ಬಿಡಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದನ್ನ ನಿಮ್ಮ ಹೆಂಡತಿನೇ ಹೇಳಬೇಕು. ಎಲ್ಲಿ ಅವರು?"

"ಹೊರಗೆ ಚಪ್ಪಲಿ ಕಾಯೋಕೆ ಕೂರಿಸಿದೀನಿ," ಎಂದಳು ಅತ್ತೆ. "ನನ್ನವು ಹೊಸವು, ಯಾರಾದ್ರೂ ಹಾಕ್ಕೊಂಡು ಹೋಗ್ಬಿಟ್ರೆ?"