ತಗಡಿನ ಮನೆಗೊಂದು ಹೊಸ್ತಿಲು

“ಇದನ್ನ ಯಾರನ್ನ ಕೇಳಿ ಹಾಕಿಸ್ದೆ?” ಮಹಾಲಿಂಗಯ್ಯ ಛತ್ರಿಯ ತುದಿಯಿಂದ ಹೊಸ್ತಿಲನ್ನು ತೋರಿಸಿದರು.

ತೋವಿನಕೆರೆ ರಸ್ತೆಯಲ್ಲಿ, ಅವರ ಜಮೀನಿನ ಮೂಲೆಯಲ್ಲಿ ಕದಿರಯ್ಯನ ಕಂಟೈನರ್ ಮನೆ ನಿಂತು ಮೂರು ವರ್ಷವಾಗಿತ್ತು. ಲಾರಿಯಲ್ಲಿ ಬಂದು ನಾಲ್ಕು ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂತ ತಗಡಿನ ಮನೆ ಅದು. ತಿಂಗಳಿಗೆ ನೆಲಬಾಡಿಗೆ ಕೊಡಬೇಕು, ನೆಲಕ್ಕೆ ಗುದ್ದಲಿ ತಾಗಿಸಬಾರದು ಎಂದು ಮೊದಲೇ ಮಾತಾಗಿತ್ತು. ಹೊಸ್ತಿಲಿಲ್ಲದ್ದು ಎಂಥ ಮನೆ ಎಂದು ಕದಿರಯ್ಯನ ಹೆಂಡತಿ ಕೊಲ್ಲಾಪುರಮ್ಮ ಮೂರು ವರ್ಷವೂ ಕೊರಗಿದಳು. ಹೋದ ಶುಕ್ರವಾರ ತಡೆಯಲಾರದೆ, ಬಾಗಿಲ ಮುಂದೆ ಒಂದು ಕಲ್ಲನ್ನು ಸಿಮೆಂಟಿನಲ್ಲಿ ಕೂರಿಸಿ ಅರಿಶಿನ ಬಳಿದಿದ್ದಳು.

“ಬರೀ ಹೊಸ್ತ್ಲು ಕಣ್ ಸ್ವಾಮಿ,” ಎಂದಳು.

“ಇವತ್ತು ಹೊಸ್ತ್ಲು, ನಾಳೆ ಪಾಯ, ನಾಡಿದ್ದು ಕೋರ್ಟು. ಎಂಟು ದಿನದಲ್ಲಿ ಮನೆ ಎತ್ತುಸ್ಬುಡಿ.”

ಪಕ್ಕದ ಊರಿನಲ್ಲೊಂದು ಚಿಕ್ಕ ಸೈಟು ಮಾರಾಟಕ್ಕಿತ್ತು. ಮನೆ ಅಡವಿಟ್ಟಾದರೂ ಅದನ್ನು ಕೊಳ್ಳೋಣವೆಂದು ಕದಿರಯ್ಯ ಬ್ಯಾಂಕಿಗೆ ಓಡಿದ.

“ಜಾಗ ನಿನ್ನ ಹೆಸರಲ್ಲಿಲ್ಲ. ನೆಲಕ್ಕೆ ಅಂಟದೇ ಇರೋದು ಮನೆ ಅಲ್ಲಪ್ಪ, ಸಾಮಾನು,” ಎಂದರು ಮ್ಯಾನೇಜರು.

“ಅಂಟ್ಕಂತು ಅಂತ್ಲೇ ಓಡುಸ್ತಾವ್ರೆ ಸಾ.”

ಮ್ಯಾನೇಜರಿಗೆ ಅರ್ಥವಾಗಲಿಲ್ಲ. ಜಾಗ ಇದ್ದವನಿಗೆ ಸಾಲ, ಇಲ್ಲದವನಿಗೆ ಬುದ್ಧಿವಾದ. ಲೋಕ ನಡೆಯುವುದೇ ಹಾಗೆ.

ಎಂಟನೆಯ ದಿನ ಕ್ರೇನ್ ಬಂತು. ಇಡಲು ಜಾಗವಿಲ್ಲದ ಮನೆಯನ್ನು ಶಿರಾದ ಗುಜರಿಯವರು ತೂಕಕ್ಕೆ ಕೊಂಡಿದ್ದರು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಗಂಡ ಹೆಂಡತಿ ನೋಡುತ್ತ ನಿಂತರು. ಇನ್ನು ಎಲ್ಲಿಗೆ ಹೋಗುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

“ಆ ಕಲ್ಲೂ ಇರ್ಬಾರ್ದು,” ಎಂದರು ಮಹಾಲಿಂಗಯ್ಯ.

ಕದಿರಯ್ಯ ಹಾರೆ ಎತ್ತಿದ. ಎತ್ತಿದ ಕೈ ಹಾಗೇ ಇಳಿಯಿತು. “ಅರ್ಸಿನ ಕುಂಕ್ಮ ಐತೆ. ಅದ್ರ ಮ್ಯಾಲೆ ಹೆಂಗ್ ಹಾಕ್ಲಿ?”

ಕೊಲ್ಲಾಪುರಮ್ಮ ಮಂಡಿಯೂರಿ, ಬೆಳಿಗ್ಗೆ ತಾನೇ ಇಟ್ಟ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಅರಿಶಿನ ಪೂರ್ತಿ ಹೋಗಲಿಲ್ಲ. ಉಗುಳು ಹಚ್ಚಲು ಮನಸ್ಸು ಬರಲಿಲ್ಲ, ಕಣ್ಣೀರಿನಲ್ಲೇ ಉಜ್ಜಿದಳು.

“ಈಗ ಹಾಕು,” ಎಂದು ಎದ್ದಳು.

ಮುಂದೆ ಬಾಗಿಲಿಲ್ಲ, ಗೋಡೆಯಿಲ್ಲ. ಹಿತ್ತಲ ಕಡೆ ಉಳಿದಿದ್ದ ಬಿಂದಿಗೆ ತರಬೇಕಿತ್ತು. ಸುತ್ತಲೂ ಬಯಲೇ ಇದ್ದರೂ, ಹಾರೆ ಬೀಳುವ ಮುನ್ನ ಅವಳು ಕಾಲೆತ್ತಿ, ಕಲ್ಲನ್ನು ತುಳಿಯದೆ ದಾಟಿ, ಒಳಗೆ ಹೋದಳು.